ನಸಕಿನ್ಯಾಗ ಟ್ರ್ಯಾಕ್ಟರ್ ಸ್ಟಾರ್ಟ್ ಆಗವಲ್ದಾ? ಎಂಜಿನ್ ಹೀಟರ್ ಯಾವ್ದು ತಗೋಬೇಕು, ಅದಕ್ಕಿಂತ ಮೊದ್ಲ ಏನೇನ್ ನೋಡ್ಬೇಕು

ಕಬ್ಬಿನ ಸೀಜನ್ ಸುರು ಆತಂದ್ರ ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಎಲ್ಲಾ ಕಡೆಯಿಂದ ಬರೋದು ಒಂದೇ ಪ್ರಶ್ನೆ, ನಸಕಿನ್ಯಾಗ ಗಾಡಿ ಎಳವಲ್ದು, ಹೀಟರ್ ಹಚ್ಚಿಸ್ಲ್ಯಾ, ಯಾವ್ದು ಹಚ್ಚಿಸ್ಲಿ. ತಿಕೋಟಾ ಕಡೆ ದ್ರಾಕ್ಷಿ ತ್ವಾಟದೋರ್ದೂ ಅದೇ ಗೋಳು, ಬ್ಲೋವರ್ ತುಂಬಿ ಇಟ್ಟಿರ್ತಾರ ಆದ್ರ ಮಿನಿ ಟ್ರ್ಯಾಕ್ಟರ್ ಎದ್ದೇಳಂಗಿಲ್ಲ. ಹೆಚ್ಚಿನ ಮಂದಿ ತಪ್ಪೋದು ಕ್ರಮದಾಗ. ಮೊದ್ಲ ಹೀಟರ್ ತರಸ್ತಾರ, ಆಮ್ಯಾಲ ಹೊಸಾ ಬ್ಯಾಟರಿ ಹಾಕ್ತಾರ, ಕಡೀಕ ವಾಯರ್ ನೋಡ್ತಾರ. ಇದು ಪೂರ್ತಿ ಉಲ್ಟಾ ಆಗ್ಬೇಕು.

ಒಂದ್ ಮಾತ್ ಮೊದ್ಲೇ ಹೇಳಿಬಿಡ್ತೇನಿ. ವಿಜಯಪುರದಾಗ ಡಿಸೆಂಬರ್, ಜನವರಿಯೊಳಗ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗ ಇಳಿತೈತಿ, ಕೃಷ್ಣಾ, ಘಟಪ್ರಭಾ ದಂಡಿ ಹೊಲದಾಗ ಥಂಡಿ ಇನ್ನಷ್ಟು ಹತ್ತತೈತಿ, ಖರೆ. ಆದ್ರ ನೀರು ಗಟ್ಟಿ ಆಗೋವಂಥಾ ಚಳಿ ನಮ್ಮದಲ್ಲ. ಸರಿ ಇರೋ ಡೀಸೆಲ್ ಎಂಜಿನ್ 8-10 ಡಿಗ್ರಿಯೊಳಗ ಹೊರಗಿನ ಹೀಟರ್ ಇಲ್ಲದನ ಸ್ಟಾರ್ಟ್ ಆಗ್ಬೇಕು. ಆಗವಲ್ದು ಅಂದ್ರ ಗಾಡ್ಯಾಗ ಏನೋ ಕೆಟ್ಟೈತಿ, ಮೊದ್ಲ ಅದನ್ನ ಹುಡುಕ್ರಿ.

ಕೈಯಾಗ ಇರಬೇಕಾದ ಸಾಮಾನು

ಒಂದು ಮಲ್ಟಿಮೀಟರ್ ಬೇಕೇ ಬೇಕು, ಅದಿಲ್ದ ಈ ಕೆಲಸ ಬರೀ ಅಂದಾಜು ಆಗತೈತಿ. ತಂತಿ ಬ್ರಷ್, ಪಾಲಿಶ್ ಪೇಪರ್, 10 ರಿಂದ 19 ರ ತನಕ ಪಾನಾ, ಬ್ಯಾಟರಿ ಟಾರ್ಚ್. ಡಿಸಿ ಅಳಿಯೋ ಕ್ಲ್ಯಾಂಪ್ ಮೀಟರ್ ಸಿಕ್ರ ಚಲೋ, ಇಲ್ಲಾಂದ್ರೂ ನಡಿತೈತಿ. ಗಾಡಿ ಕೂಡ ಬಂದ ಪುಸ್ತಕ, ಮತ್ತ ಎಂಜಿನ್ ಮ್ಯಾಲಿರೋ ಪ್ಲೇಟಿನ ಫೋಟೋ ಮೊಬೈಲ್‌ನಾಗ ಹೊಡ್ಕೊಂಡು ಇಟ್ಕೋರಿ, ಪಾರ್ಟ್ ತರಸುವಾಗ ಗಾಡಿ ಹೆಸರಲ್ಲ, ಆ ಪ್ಲೇಟಿನ ನಂಬರ್ ಕೆಲಸಕ್ಕ ಬರ್ತೈತಿ.

1. ಸೆಲ್ಫ್ ಹೊಡದು ಹೊಗಿ ನೋಡ್ರಿ

ಇದಕ್ಕ ಇಬ್ಬರು ಬೇಕು. ಒಬ್ಬರು ಸೀಟ್ ಮ್ಯಾಲ, ಗೇರ್ ನ್ಯೂಟ್ರಲ್, ಕ್ಲಚ್ ಒತ್ತಿ. ಇನ್ನೊಬ್ಬರು ಪಕ್ಕಕ್ಕ ನಿಂತು ಸೈಲೆನ್ಸರ್ ನೋಡ್ಬೇಕು, ಚಕ್ರದ ಮುಂದ ನಿಂದ್ರಬಾರ್ದು. 10 ಸೆಕೆಂಡಿಗಿಂತ ಜಾಸ್ತಿ ಹೊಡಿಬ್ಯಾಡ್ರಿ, ನಡುವ ಅರ್ಧ ನಿಮಿಷ ಬಿಡ್ರಿ. ಇಲ್ಲಿ ಮೂರು ತರಾ ಲಕ್ಷಣ ಕಾಣ್ತಾವ, ಯಾವ್ದು ನಿಮ್ಮ ಗಾಡೀದು ಅಂತ ಗೊತ್ತಾದ್ರ ಅರ್ಧ ಕೆಲಸ ಮುಗದಂಗ.

ಎಂಜಿನ್ ಮೆಲ್ಲಗ ಎಳದು ಎಳದು ತಿರುಗ್ತೈತಿ, ಹೆಡ್‌ಲೈಟ್ ಮಂಕ ಆಗ್ತೈತಿ: ಇದು ಬ್ಯಾಟರಿ, ಕೇಬಲ್ ಇಲ್ಲಾ ಸೆಲ್ಫ್ ಮೋಟರ್ ತಕರಾರು. ಎರಡನೇ ಹಂತಕ್ಕ ಹೋಗ್ರಿ.

ಚಲೋ ಜೋರಾಗಿ ತಿರುಗ್ತೈತಿ, ಸೈಲೆನ್ಸರ್‌ನಾಗಿಂದ ಬಿಳಿ ಹೊಗಿ ಬರ್ತೈತಿ, ಆದ್ರ ಹತ್ತಂಗಿಲ್ಲ: ಡೀಸೆಲ್ ಒಳಗ ಹೋಗ್ಲಿಕತ್ತೈತಿ, ಉರಿಯೋವಷ್ಟು ಕಾವು ಇಲ್ಲ. ಹೀಟರ್ ಅನ್ನೋ ಮಾತು ಬರೋದು ಈ ಲಕ್ಷಣಕ್ಕ ಮಾತ್ರ.

ಜೋರಾಗಿ ತಿರುಗ್ತೈತಿ, ಹೊಗಿ ಒಂಚೂರೂ ಇಲ್ಲ: ಡೀಸೆಲ್ ಮುಟ್ಟವಲ್ದು. ಲೈನ್‌ನಾಗ ಏರ್ ಹಿಡದಿರ್ತೈತಿ, ಫಿಲ್ಟರ್ ಕಟ್ಟಿರ್ತೈತಿ, ಇಲ್ಲಾ ಪಂಪಿನ ಬಂದ್ ಮಾಡೋ ಲಿವರ್, ಸೋಲೆನಾಯ್ಡ್ ಸಿಕ್ಕೊಂಡಿರ್ತೈತಿ. ಈ ಗಾಡಿಗೆ ಸಾವಿರಗಟ್ಲೆ ಕೊಟ್ಟು ಹೀಟರ್ ಹಚ್ಚಿದ್ರೂ ಉಪಯೋಗಿಲ್ಲ, ಬರೀ ಬಿಸಿ ಎಂಜಿನ್ ಆಗತೈತಿ ಅಷ್ಟ, ಸ್ಟಾರ್ಟ್ ಆಗಂಗಿಲ್ಲ.

ಯಾಕ ಹಿಂಗ ಅಂದ್ರ, ಡೀಸೆಲ್ ಎಂಜಿನ್‌ನಾಗ ಕಿಡಿ ಕೊಡೋ ಪ್ಲಗ್ ಇರಂಗಿಲ್ಲ, ಪಿಸ್ಟನ್ ಗಾಳಿನ್ನ ಜೋರಾಗಿ ಒತ್ತಿದಾಗ ಆ ಗಾಳಿ ಕಾದು ಅದರಾಗ ಡೀಸೆಲ್ ತಾನ ಹತ್ತತೈತಿ. ಥಂಡಿ ಬ್ಲಾಕ್ ಆ ಕಾವು ಹೀರ್ಕೊಂತೈತಿ, ಮತ್ತ ಎಂಜಿನ್ ಮೆಲ್ಲಗ ತಿರುಗಿದ್ರ ಒತ್ತಿದ ಗಾಳಿ ರಿಂಗ್ ಸಂದಿಯಿಂದ ಸೋರಿ ಹೋಗೋಕೂ ಟೈಮ್ ಸಿಗ್ತೈತಿ. ಅದಕ್ಕ ಬ್ಯಾಟರಿ ಸೋತ್ರ ಚಳಿದೇ ತಪ್ಪು ಅಂತ ಅನಸ್ತೈತಿ, ಎರಡೂ ಕೂಡೇ ಬರ್ತಾವ.

2. ಬ್ಯಾಟರಿ ಮತ್ತ ಕೇಬಲ್ ಅಳಿರಿ

ನಸಕಿನ್ಯಾಗ, ಸೆಲ್ಫ್ ಹೊಡಿಯೋಕಿಂತ ಮೊದ್ಲ ಅಳಿಬೇಕು. ಮಧ್ಯಾಹ್ನ ಅಳದ್ರ ಎಲ್ಲಾ ಚಲೋನ ಕಾಣ್ತೈತಿ. 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಇದ್ರ ಸುಮಾರು 12.6 ತೋರಸ್ತೈತಿ, 12.2 ಬಂದ್ರ ಅರ್ಧ ಖಾಲಿ, 12 ಕ್ಕ ಬಂದ್ರ ಬಹುತೇಕ ಮುಗದಂಗ. ಇನ್ನ ಸೆಲ್ಫ್ ಹೊಡಿವಾಗ ಮೀಟರ್ ಹಂಗ ಹಿಡೀರಿ, 9.6 ಕ್ಕಿಂತ ಕೆಳಗ ಬೀಳಬಾರ್ದು. ಗಾಡಿ ಓಡುವಾಗ 13.8 ರಿಂದ 14.4 ಇರಬೇಕು, ಇಲ್ಲಾಂದ್ರ ಆಲ್ಟರ್ನೇಟರ್, ಬೆಲ್ಟ್ ನೋಡ್ರಿ. ರಾತ್ರಿ ಫ್ಯಾಕ್ಟರಿ ಮುಂದ ಸಾಲಿನ್ಯಾಗ ನಿಂತಾಗ ಟೇಪ್, ಲೈಟ್ ಹಚ್ಚಿ ಮಲಗೋ ಡ್ರೈವರ್‌ಗಳಿಗೆ ಇದನ್ನ ತಿಳಿಸಿ ಹೇಳ್ರಿ, ಬೈಯಬ್ಯಾಡ್ರಿ, ಅವರಿಗೆ ಯಾರೂ ಹೇಳಿರಂಗಿಲ್ಲ.

ಬ್ಯಾಟರಿ ಸರಿ ಇದ್ದೂ ಮೆಲ್ಲಗ ತಿರುಗಿದ್ರ ಕೇಬಲ್ ನೋಡ್ಬೇಕು, ಇದನ್ನ ಬಿಟ್ಟು ಹೋಗೋರೇ ಜಾಸ್ತಿ. ಮೀಟರಿನ ಒಂದ್ ಕಡ್ಡಿ ಬ್ಯಾಟರಿ ಮೈನಸ್ ಬುಡ್ಡಿ ಮ್ಯಾಲ, ಇನ್ನೊಂದು ಎಂಜಿನ್ ಬ್ಲಾಕಿನ ಬರೀ ಕಬ್ಬಿಣದ ಮ್ಯಾಲ ಇಟ್ಟು ಸೆಲ್ಫ್ ಹೊಡಸ್ರಿ. 0.3 ವೋಲ್ಟ್ ಒಳಗ ಇದ್ರ ಅಡ್ಡಿಯಿಲ್ಲ. ಅದಕ್ಕಿಂತ ಜಾಸ್ತಿ ಬಂದ್ರ ಅರ್ಥ್ ಹಿಡಿವಲ್ದು ಅಂತ ಅರ್ಥ. ಹಂಗ ಪ್ಲಸ್ ಬುಡ್ಡಿಯಿಂದ ಸೆಲ್ಫ್ ಮೋಟರಿನ ದೊಡ್ಡ ಬೋಲ್ಟ್ ತನಕ ಅಳದ್ರ 0.5 ಒಳಗ ಇರಬೇಕು.

ಮುಧೋಳ ಕಡೆ ಒಂದ್ ಕಬ್ಬಿನ ಗಾಡಿ ಮುಂದ ನಿಂತು ನೋಡಿದ್ದು ಇದನ್ನ. ಮಾಲಕರು ಹೊಸಾ ಬ್ಯಾಟರಿ ತಂದಿದ್ರು, ಹೀಟರಿಗೂ ಆರ್ಡರ್ ಕೊಡೋರಿದ್ರು. ಮಿಸ್ತ್ರಿ ಹುಡುಗ ಮೀಟರ್ ಹಿಡದು, "ಕಾಕಾ, ಬ್ಯಾಟರಿ ಹೊಸಾದ್ ತಂದ್ರ ಏನಾತ್ರಿ, ಇಲ್ಲೆ ನೋಡ್ರಿ" ಅಂತ ಅರ್ಥ್ ಕೇಬಲ್ ಬಿಚ್ಚಿ ತೋರಿಸ್ದ. ಹಿತ್ತಾಳಿ ಲಗ್ ಕೆಳಗ ಯಾರೋ ಬಳದಿದ್ದ ನೀಲಿ ಪೇಂಟ್, ಅದರ ಮ್ಯಾಲ ಹಸರಗ ಕಿಲುಬು, ಒಂದೇ ಅಂಚಿನ್ಯಾಗ ಉಗುರಿನಷ್ಟು ಜಾಗ ಹೊಳೀತಿತ್ತು. ಅಷ್ಟೇ ಜಾಗದಿಂದ ಸೆಲ್ಫಿನ ಪೂರ್ತಿ ಕರೆಂಟ್ ಹೋಗ್ಬೇಕಿತ್ತು. ಪಾಲಿಶ್ ಪೇಪರ್ ಹಚ್ಚಿ ಉಜ್ಜಿ ಬಿಗಿ ಮಾಡಿ, ಮ್ಯಾಲ ಗ್ರೀಸ್ ಹಚ್ಚಿದ್ರು, ಗಾಡಿ ಒಂದೇ ಹೊಡ್ತಕ್ಕ ಎದ್ದಿತು. ಆರ್ಡರ್ ಅಲ್ಲಿಗೇ ಬಿಟ್ರು.

ಗ್ರೀಸ್ ಹಚ್ಚೋದು ಬಿಗಿ ಮಾಡಿದ ಮ್ಯಾಲ, ನಡುವ ಅಲ್ಲ. ಹೊಸಾ ಬ್ಯಾಟರಿ ತಗೋಳೋದ್ ಬಂದ್ರ ಪುಸ್ತಕದಾಗ ಬರದ ಎಎಚ್‌ಗಿಂತ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯೋ ಕರೆಂಟಿನ ಅಳತಿ) ಕಡಿಮಿ ತಗೋಬ್ಯಾಡ್ರಿ, 88 ಎಎಚ್ ಇರೋ ಕಡೆ 75 ಹಾಕಿ ಉಳಸಿದ ರೊಕ್ಕ ಡಿಸೆಂಬರ್‌ನಾಗ ಹೋಗ್ತೈತಿ.

3. ಕಂಪನಿಯಿಂದ ಬಂದ ಹೀಟರ್ ಜೀವಂತ ಐತೇನು ನೋಡ್ರಿ

ಭಾಳ ಗಾಡಿಗೆ ಹೀಟರ್ ಮೊದ್ಲೇ ಇರ್ತೈತಿ, ವಾಯರ್ ಕಿತ್ತು ವರ್ಷ ಆಗಿರ್ತೈತಿ. ಚಾವಿ ಒಂದ್ ಕಡೆ ತಿರುವಿ ಹಿಡದ್ರ ಹೀಟ್ ಅಂತ ಒಂದ್ ಜಾಗ ಐತೇನು, ಡ್ಯಾಶ್‌ಬೋರ್ಡಿನ್ಯಾಗ ಸುರುಳಿ ಚಿತ್ರದ ದೀಪ ಐತೇನು ನೋಡ್ರಿ. ಮೂರು ತರಾ ಬರ್ತಾವ.

ಗ್ಲೋ ಪ್ಲಗ್: ಸಣ್ಣ ಮಿನಿ ಟ್ರ್ಯಾಕ್ಟರ್‌ಗಳ ಎಂಜಿನ್‌ನಾಗ, ಪ್ರತಿ ಸಿಲಿಂಡರಿಗೆ ಒಂದೊಂದು. ಮ್ಯಾಲಿನ ಪಟ್ಟಿ ಬಿಚ್ಚಿ ಮಲ್ಟಿಮೀಟರ್ ಓಮ್‌ಗ ಇಟ್ಟು ಪ್ಲಗ್ ತುದಿಯಿಂದ ಬ್ಲಾಕಿಗೆ ಅಳಿರಿ. ಸಾಮಾನ್ಯ 0.5 ರಿಂದ 2 ಓಮ್ ಒಳಗ ಬರ್ತೈತಿ, ಏನೂ ತೋರಸಲಿಲ್ಲಂದ್ರ ಪ್ಲಗ್ ಸತ್ತೈತಿ. ಮೂರರಾಗ ಒಂದ್ ಸತ್ರೂ ಬ್ಯಾಸಗ್ಯಾಗ ಗೊತ್ತಾಗಂಗಿಲ್ಲ, ಥಂಡ್ಯಾಗ ಗೊತ್ತಾಗ್ತೈತಿ. ಪ್ಲಗ್ ಮ್ಯಾಲ ಎಷ್ಟ್ ವೋಲ್ಟ್ ಬರದೈತಿ ಓದದ ನೇರ ಬ್ಯಾಟರಿ ಹಚ್ಚಿ ನೋಡಬ್ಯಾಡ್ರಿ, 12 ವೋಲ್ಟಿಗಿಂತ ಕಡಿಮೀವೂ ಇರ್ತಾವ, ಕಣ್ ಮುಚ್ಚಿ ತಗಿಯೋದ್ರಾಗ ಸುಟ್ಟು ಹೋಗ್ತಾವ. ಬಿಚ್ಚುವಾಗ ಎಂಜಿನ್ ಸ್ವಲ್ಪ ಬೆಚ್ಚಗ ಇರ್ಲಿ, ತುಕ್ಕು ಬಿಡಸೋ ಎಣ್ಣಿ ಹಾಕಿ ಕಾಯ್ರಿ. ತಲಿ ಮುರದ್ರ ಹೆಡ್ ಇಳಸೋ ಕೆಲಸ ಬರ್ತೈತಿ.

ಮ್ಯಾನಿಫೋಲ್ಡ್ ಹೀಟರ್: ಗಾಳಿ ಒಳಗ ಹೋಗೋ ದಾರ್ಯಾಗ ಕಾಯೋ ಸುರುಳಿ. ಚಾವಿ ಹೀಟ್‌ನಾಗ ಇಟ್ಟು ಅದರ ತುದಿಗೆ ವೋಲ್ಟ್ ಅಳಿರಿ, ಬ್ಯಾಟರಿ ಹತ್ರ ಹತ್ರ ಬರಬೇಕು. ವೋಲ್ಟ್ ಬಂದೂ ಮ್ಯಾನಿಫೋಲ್ಡ್ ಬೆಚ್ಚಗ ಆಗ್ಲಿಲ್ಲಂದ್ರ ಸುರುಳಿ ಹೋಗೈತಿ. ವೋಲ್ಟೇ ಬರಲಿಲ್ಲಂದ್ರ ಫ್ಯೂಸ್, ರಿಲೇ, ಚಾವಿ ಸ್ವಿಚ್.

ಥರ್ಮೋಸ್ಟಾರ್ಟ್: ಇದು ಮ್ಯಾನಿಫೋಲ್ಡ್ ಒಳಗ ಸಣ್ಣಂಗ ಡೀಸೆಲ್ ಉರಿಸಿ ಗಾಳಿ ಕಾಯಿಸ್ತೈತಿ. ಇದಕ್ಕ ಕರೆಂಟೂ ಬೇಕು, ಸಣ್ಣ ಪೈಪಿನಿಂದ ಡೀಸೆಲ್ಲೂ ಬೇಕು. ಪೈಪ್ ಒಣಗಿದ್ರ ಸುರುಳಿ ಬರೀ ಕಾದು ಕಾದು ಸುಡತೈತಿ, ಹೊಸಾದ್ ಹಾಕಿದ್ರೂ ಮತ್ತ ಸುಡತೈತಿ. ಹೊಸಾದು ಹಾಕೋಕಿಂತ ಮೊದ್ಲ ಪೈಪ್ ಸಡಿಲ ಮಾಡಿ ಡೀಸೆಲ್ ಬರ್ತೈತೇನು ನೋಡ್ರಿ.

ಸರಿ ಇದ್ದೋರು ಬಳಸೋದ್ರಾಗೂ ತಪ್ಪತಾರ. ಹೀಟ್‌ನಾಗ 15-20 ಸೆಕೆಂಡ್ ಹಿಡದು ಆಮ್ಯಾಲ ಸೆಲ್ಫ್ ಹೊಡಿಬೇಕು, ಸರಿಯಾದ ಟೈಮ್ ಪುಸ್ತಕದಾಗ ಇರ್ತೈತಿ. ಎರಡು ಸೆಕೆಂಡ್ ಹಿಡದು ಬಿಟ್ರ ಬ್ಯಾಟರಿ ಖರ್ಚು ಆಗತೈತಿ ಹೊರತು ಗಾಳಿ ಕಾಯಂಗಿಲ್ಲ. ನಮ್ಮ ಬೆಳಗಾವಿ, ಬಾಗಲಕೋಟ, ವಿಜಯಪುರ ಮೂರೂ ಜಿಲ್ಲೆದಾಗ ಬಿಳಿ ಹೊಗಿ ತಕರಾರಿನ ಹೆಚ್ಚಿನ ಗಾಡಿಗೆ ಇದಿಷ್ಟನ್ನ ರಿಪೇರಿ ಮಾಡಿಸಿದ್ರ ಸಾಕು ಅಂತ ನನ್ನ ಗಟ್ಟಿ ಅಭಿಪ್ರಾಯ.

4. ಎಂಜಿನ್ ಆಯಿಲ್, ಡೀಸೆಲ್

ಹಳೇ ಗಾಡಿಗೆ 20ಡಬ್ಲ್ಯೂ-40 ಹಾಕೋ ರೂಢಿ ಐತಿ. ಪುಸ್ತಕ ಒಪ್ಪಿದ್ರ ಥಂಡಿ ದಿನದಾಗ 15ಡಬ್ಲ್ಯೂ-40 ಹಾಕ್ರಿ, ಥಂಡ್ಯಾಗ ಕಡಿಮಿ ಗಟ್ಟಿ ಆಗತೈತಿ. ಟೈಮ್ ಮೀರಿ ಕರ್ರಗ ಆದ ಆಯಿಲ್ ಇದ್ರ ಮೊದ್ಲ ಅದನ್ನ ಬದಲಿ ಮಾಡ್ರಿ. ಬ್ಯಾಸಗ್ಯಾಗ ತುಂಬಿಟ್ಟ ಡ್ರಮ್ಮಿನ ಡೀಸೆಲ್ ಚಳಿಗಾಲಕ್ಕ ಇಡಬ್ಯಾಡ್ರಿ, ಐಎಸ್ 1460 ಮಾನದಂಡದಾಗ ಡೀಸೆಲ್ ಹರಿಯೋದು ನಿಲ್ಲೋ ಮಿತಿ ಚಳಿಗಾಲಕ್ಕ 3 ಡಿಗ್ರಿ, ಬ್ಯಾಸಗಿಗೆ 15 ಡಿಗ್ರಿ ಅಂತ ಬ್ಯಾರೆ ಬ್ಯಾರೆನ ಐತಿ. ಫಿಲ್ಟರ್ ಕೆಳಗಿನ ನೀರು ತಗೀರಿ. ಸೀಮಿ ಎಣ್ಣಿ ಕಲಸಬ್ಯಾಡ್ರಿ, ಪಂಪ್ ಒಳಗಿನ ಭಾಗಕ್ಕ ಜಿಡ್ಡು ಸಿಗಂಗಿಲ್ಲ.

5. ಹೀಟರ್ ಆರಿಸೋಕಿಂತ ಮೊದ್ಲ ಕರೆಂಟಿನ ಲೆಕ್ಕ

ಇಲ್ಲೀತನಕ ಎಲ್ಲಾ ಸರಿ ಮಾಡಿನೂ ಬಿಳಿ ಹೊಗಿ ಬಿಡವಲ್ದು, ಎಂಜಿನ್ ಹಳೇದು, ರಿಂಗ್ ಸವದಾವ, ಆದ್ರ ಈ ಸೀಜನ್ ನಡಸಲೇಬೇಕು, ನಸಕಿನ್ಯಾಗ ನಾಕ ಗಂಟೆಕ್ಕ ಗಾಡಿ ಹೊಂಡಲೇಬೇಕು. ಇಂಥೋರಿಗೆ ಹೊರಗಿನ ಹೀಟರ್ ಖರೇನ ಉಪಯೋಗ.

ಮೊದ್ಲ ಗಾಡಿ ರಾತ್ರಿ ಎಲ್ಲಿ ನಿಲ್ತೈತಿ, ಅಲ್ಲಿ ಕರೆಂಟ್ ಹೆಂಗೈತಿ ನೋಡ್ರಿ. ಹೆಸ್ಕಾಂ ಲೈನಿನ್ಯಾಗ ಪಂಪಸೆಟ್ಟಿನ ತ್ರೀ ಫೇಸ್ ಪಾಳಿ ಮ್ಯಾಲ ಬರ್ತೈತಿ, ಅದನ್ನ ನಂಬಿ ಹೀಟರ್ ತಗೋಬ್ಯಾಡ್ರಿ. ತ್ವಾಟದ ಮನಿ ಸಿಂಗಲ್ ಫೇಸ್ ಇದ್ರ ನಸಕಿನ್ಯಾಗ ಎಷ್ಟ್ ವೋಲ್ಟ್ ಐತಿ ಮೀಟರಿನಿಂದ ಅಳಿರಿ. 230 ಇರಬೇಕಾದ ಕಡೆ 180 ಇದ್ರ 1000 ವ್ಯಾಟಿನ ಹೀಟರ್ ಸುಮಾರು 610 ವ್ಯಾಟ್ ಮಾತ್ರ ಕಾವು ಕೊಡ್ತೈತಿ, 160 ಕ್ಕ ಇಳದ್ರ ಅರ್ಧಕ್ಕಿಂತ ಕಡಿಮಿ. ಹೀಟರ್ ಖೊಟ್ಟಿ ಐತಿ ಅಂತ ಅಂಗಡಿಯೋರ ಕೂಡ ಜಗಳಾಡೋಕಿಂತ ಮೊದ್ಲ ಇದನ್ನ ನೋಡ್ರಿ.

ಟೈಮ್ ಲೆಕ್ಕ: ಸುಮಾರು 200 ಕಿಲೋ ಕಬ್ಬಿಣ, 10 ಲೀಟರ್ ನೀರು ಇರೋ ಎಂಜಿನ್‌ನ 20 ಡಿಗ್ರಿ ಏರಸಬೇಕಂದ್ರ 1000 ವ್ಯಾಟಿಗೆ ಹೆಚ್ಚೂ ಕಡಿಮಿ ಮುಕ್ಕಾಲು ತಾಸು, ಹೊರಗ ಹೋಗೋ ಕಾವು ಹಿಡದ್ರ ಒಂದರಿಂದ ಒಂದೂವರಿ ತಾಸು. 500 ವ್ಯಾಟ್ ಆದ್ರ ಎರಡೂವರಿ ತಾಸು ಹಿಡೀರಿ. ಖರ್ಚು ಅಂದ್ರ 1000 ವ್ಯಾಟಿಗೆ ತಾಸಿಗೆ ಒಂದ್ ಯುನಿಟ್, ರಾತ್ರಿ ಎಲ್ಲಾ ಹಚ್ಚಿಡೋ ಅವಶ್ಯಕತೆ ಇಲ್ಲ, ಒಂದು ಟೈಮರ್ ಹಾಕ್ರಿ.

6. ಯಾವ ಹೀಟರ್ ಯಾವ ಗಾಡಿಗೆ

ಬ್ಲಾಕ್ ಹೀಟರ್: ಬ್ಲಾಕಿನ ಪಕ್ಕಕ್ಕಿರೋ ಕೋರ್ ಪ್ಲಗ್ (ತೂತು ಮುಚ್ಚೋ ತಗಡಿನ ಮುಚ್ಚಳ) ತಗದು ಅದೇ ತೂತಿನ್ಯಾಗ ಕೂಡಸ್ತಾರ, ಕೂಲಂಟ್ ನೇರ ಕಾಯ್ತೈತಿ. ಎಲ್ಲಾದಕ್ಕಿಂತ ಚಲೋ ಇದೇ. 40-50 ಎಚ್‌ಪಿ ಗಾಡಿಗೆ 500 ರಿಂದ 1000 ವ್ಯಾಟ್ ಸಾಕು. ತೂತಿನ ಅಳತಿ, ಒಳಗಿನ ಆಳ ಎಂಜಿನ್ ನಂಬರಿಗೆ ಹೊಂದಬೇಕು, "ಎಲ್ಲಾ ಗಾಡಿಗೂ ಕೂಡತೈತಿ" ಅನ್ನೋದನ್ನ ತಗೋಬ್ಯಾಡ್ರಿ.

ಕೆಳಗಿನ ಹೋಸ್ ಹೀಟರ್: ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪ್ ಕತ್ತರಿಸಿ ನಡುವ ಹಾಕೋದು. ಕೋರ್ ಪ್ಲಗ್ಗಿಗೆ ಕೈ ಹೋಗದಿದ್ದ ಕಡೆ ಇದು. ಪೈಪಿನ ಒಳ ಅಳತಿ ಮಿಲಿಮೀಟರ್‌ನಾಗ ತಗೋರಿ, ಬಾಣದ ಗುರ್ತು ಇದ್ರ ದಿಕ್ಕು ತಪ್ಪಬಾರ್ದು. ಬ್ಲಾಕ್ ಹೀಟರಿಗಿಂತ ಟೈಮ್ ಜಾಸ್ತಿ ತಗೋತೈತಿ.

ಮ್ಯಾಗ್ನೆಟ್ ಹೀಟರ್: ಆಯಿಲ್ ಚೇಂಬರ್ ಕೆಳಗ ಅಂಟಸೋದು, 200-300 ವ್ಯಾಟ್. ಕೊಳ್ಳೋದು ಸೋವಿ, ಬಿಚ್ಚೋದೂ ಸಲೀಸು, ಅದಕ್ಕ ಮಂದಿ ಇದನ್ನೇ ತರಸ್ತಾರ. ಆದ್ರ ಟ್ರ್ಯಾಕ್ಟರಿನ ಚೇಂಬರ್ ಭಾಳ ಕಡೆ ದಪ್ಪ ಬೀಡಿನದು, ಮೈ ಒರಟು, ಮ್ಯಾಗ್ನೆಟ್ ಪೂರ್ತಿ ಕೂಡಂಗಿಲ್ಲ, ಕಾವು ಗಾಳಿಗೆ ಹೋಗ್ತೈತಿ. ಅಲ್ಯೂಮಿನಿಯಂ ಚೇಂಬರಿಗೆ ಹಿಡಿಯೋದೇ ಇಲ್ಲ. ಆಯಿಲ್ ತೆಳ್ಳಗ ಆಗಿ ಎಂಜಿನ್ ಸಲೀಸ ತಿರುಗತೈತಿ ಖರೆ, ಸಿಲಿಂಡರ್ ಮಾತ್ರ ಅಷ್ಟೇನು ಕಾಯಂಗಿಲ್ಲ. ಬಿಳಿ ಹೊಗಿ ಗಾಡಿಗೆ ಇದೊಂದನ್ನೇ ನಂಬಿ ಕೂಡಬ್ಯಾಡ್ರಿ.

ಏರ್ ಕೂಲ್ಡ್ ಎಂಜಿನ್, ಹಳೇ ಐಷರ್ ಗಾಡಿ ಇದ್ದೋರಿಗೆ ಮೊದಲಿನ ಎರಡೂ ನಡೆಯಂಗಿಲ್ಲ, ಕೂಲಂಟೇ ಇಲ್ಲ. ಅವರಿಗೆ ಆಯಿಲ್ ಚೇಂಬರ್ ಮ್ಯಾಲ ಅಂಟಸೋ ಪ್ಯಾಡ್ ಹೀಟರ್ ನಡಿತೈತಿ.

ಡಿಪ್‌ಸ್ಟಿಕ್ ಜಾಗದಾಗ ಹಾಕೋ ಕಡ್ಡಿ ಹೀಟರ್ ಬ್ಯಾಡ. ಕಾವು ಕಡಿಮಿ, ಕಡ್ಡಿ ಸುತ್ತಲಿನ ಆಯಿಲ್ ಸುಡೋದೂ ಉಂಟು.

ಆನ್‌ಲೈನ್ ತರಸೋರು ಇದೊಂದನ್ನ ಗಮನ ಇಟ್ಟು ಓದ್ರಿ. ಅಮೆರಿಕಾ ಕಡೆಯಿಂದ ಬರೋ ಹೀಟರ್ 120 ವೋಲ್ಟಿನವು. ನಮ್ಮ 230 ಕ್ಕ ಹಚ್ಚಿದ್ರ ಸುಮಾರು ಮೂರುವರಿ ಪಟ್ಟಿಗಿಂತ ಜಾಸ್ತಿ ವ್ಯಾಟ್ ಎಳಿತೈತಿ, ಸುಟ್ಟೇ ಹೋಗ್ತೈತಿ, ಬೆಂಕಿನೂ ಬೀಳಬಹುದು. ಡಬ್ಬಿ ಮ್ಯಾಲಲ್ಲ, ಹೀಟರಿನ ಮೈ ಮ್ಯಾಲ 230 ಇಲ್ಲಾ 240 ವೋಲ್ಟ್ ಬರದಿದ್ರ ಮಾತ್ರ ತಗೋರಿ.

7. ಬ್ಲಾಕ್ ಹೀಟರ್ ಹಚ್ಚೋ ಕ್ರಮ

ಎಂಜಿನ್ ಪೂರ್ತಿ ಥಂಡಿ ಆದ ಮ್ಯಾಲ ಕೂಲಂಟ್ ಬುಟ್ಟಿಗೆ ಇಳಸ್ರಿ. ನೆಲಕ್ಕ ಬಿಡಬ್ಯಾಡ್ರಿ, ಅದು ಸಿಹಿ ಇರ್ತೈತಿ, ನಾಯಿ, ದನ ನೆಕ್ಕಿದ್ರ ಸಾಯ್ತಾವ. ಕೋರ್ ಪ್ಲಗ್ ಒಂದ್ ಅಂಚಿಗೆ ಬಡದು ವಾರಿ ಮಾಡಿ ಎಳೀರಿ, ಒಳಗ ಬೀಳಸಬ್ಯಾಡ್ರಿ. ತೂತಿನ ಅಂಚಿನ ತುಕ್ಕು ಪಾಲಿಶ್ ಪೇಪರಿನಿಂದ ನುಣ್ಣಗ ಮಾಡ್ರಿ, ಇಲ್ಲೆ ಗಡಿಬಿಡಿ ಮಾಡಿದ್ರ ಒ-ರಿಂಗ್ ಸೋರತೈತಿ. ಒಳಗಿನ ಸುರುಳಿ ಬ್ಲಾಕಿನ ಗೋಡಿಗೆ ತಾಕಬಾರ್ದು, ಕೂಡಿಸಿ ಮೆಲ್ಲಗ ಅತ್ತಿತ್ತ ತಿರುವಿ ನೋಡಿ ಆಮ್ಯಾಲ ಬಿಗಿ ಮಾಡ್ರಿ.

ಮತ್ತ ತುಂಬುವಾಗ ಬೋರಿನ ನೀರು ಹಾಕಬ್ಯಾಡ್ರಿ. ನಮ್ಮ ಕಡೆ ಗಡಸು ನೀರಿಗೆ ಸುರುಳಿ ಮ್ಯಾಲ ಸುಣ್ಣ ಕಟ್ಟಿ ಹೀಟರ್ ಬ್ಯಾಗ ಹೋಗ್ತೈತಿ. ಕೂಲಂಟ್ ಮತ್ತ ಡಿಸ್ಟಿಲ್ಡ್ ನೀರು, ಡಬ್ಬಿ ಮ್ಯಾಲ ಹೇಳಿದ ಪ್ರಮಾಣದಾಗ.

ತುಂಬಿದ ಕೂಡ್ಲೆ ಕರೆಂಟ್ ಕೊಡಬ್ಯಾಡ್ರಿ. ಮೊದ್ಲ ಗಾಡಿ ಸ್ಟಾರ್ಟ್ ಮಾಡಿ ಪೂರ್ತಿ ಕಾಯೋ ತನಕ ಬಿಟ್ಟು, ಒಳಗಿನ ಗಾಳಿ ಹೋಗಿ, ಸೋರಿಕಿ ಇಲ್ಲ ಅಂತ ನೋಡಿ, ಥಂಡಿ ಆದ ಮ್ಯಾಲ ಕೂಲಂಟ್ ಮಟ್ಟ ಮತ್ತ ನೋಡ್ರಿ. ಸುರುಳಿ ಸುತ್ತ ಗಾಳಿ ಇದ್ದಾಗ ಕರೆಂಟ್ ಕೊಟ್ರ ಅಲ್ಲೇ ಸುಡತೈತಿ.

8. ವಾಯರ್ ಮತ್ತ ಅರ್ಥಿಂಗ್

ಇಲ್ಲಿ ಜೀವದ ಪ್ರಶ್ನೆ ಐತಿ. ಟ್ರ್ಯಾಕ್ಟರ್ ನಿಂತಿರೋದು ರಬ್ಬರ್ ಟೈರ್ ಮ್ಯಾಲ. ಹೀಟರ್ ಒಳಗ ಕರೆಂಟ್ ಸೋರಿದ್ರ ಪೂರ್ತಿ ಗಾಡಿ ಮೈಗೆ ಕರೆಂಟ್ ಬಂದು ಹಂಗ ನಿಂತಿರ್ತೈತಿ, ನಸಕಿನ್ಯಾಗ ಇಬ್ಬನಿ ಹಸಿ ನೆಲದ ಮ್ಯಾಲ ಬರಿಗಾಲಿಂದ ಬಂದು ಬಾನಟ್ ಮುಟ್ಟಿದವರಿಗೆ ಹೊಡಿತೈತಿ. ಅದಕ್ಕ ಮೂರು ತಂತಿ ಇರೋ 1.5 ಸ್ಕ್ವೇರ್ ಎಂಎಂ ಕೇಬಲ್, ಮೂರು ಪಿನ್, ಖರೇನ ಅರ್ಥ್ ಇರೋ ಬೋರ್ಡ್, ಜೊತಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೆ ತಾನ ಲೈನ್ ಕಡಿಯೋ ಸ್ವಿಚ್) ಹಾಕಸ್ರಿ. 1000 ವ್ಯಾಟಿಗಿಂತ ದೊಡ್ಡದಿದ್ರ 16 ಆಂಪಿಯರ್ ಪಿನ್ ತಗೋರಿ.

ಪಂಪಸೆಟ್ ಡಬ್ಬಿಯಿಂದ ಒಂದ್ ಫೇಸ್ ತಗೊಂಡು, ನೆಲಕ್ಕ ಹುಗಿದ ಸಳಿಯನ್ನ ನ್ಯೂಟ್ರಲ್ ಮಾಡಿ ಹೀಟರ್ ಹಚ್ಚೋದು ಎಂದಿಗೂ ಬ್ಯಾಡ್ರಿ. ಆ ಸಳಿಗೇ ಕರೆಂಟ್ ಏರಿ, ಅದಕ್ಕ ಕಟ್ಟಿದ ಎಲ್ಲಾ ಕಬ್ಬಿಣಕ್ಕೂ ಏರತೈತಿ. ದನ ಕಟ್ಟೋ ಶೆಡ್‌ನಾಗ ಇದು ಇನ್ನೂ ಕೆಟ್ಟದ್ದು.

ಮಾಡಲೇಬಾರದ ಕೆಲಸ

ಚೇಂಬರ್ ಕೆಳಗ ರವದಿ ಗುಡ್ಡಿ ಮಾಡಿ ಬೆಂಕಿ ಹಚ್ಚೋದು. ಸೋರಿದ ಆಯಿಲ್, ಡೀಸೆಲ್ ಪೈಪ್, ವಾಯರ್ ಎಲ್ಲಾ ಅಲ್ಲೇ ಇರ್ತಾವ.

ಹೀಟರ್ ಇರೋ ಗಾಡಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡಿಯೋದು, ಪೆಟ್ರೋಲ್ ಅರಿವಿ ಹಿಡಿಯೋದು. ಕಾದ ಸುರುಳಿಗೆ ಮ್ಯಾನಿಫೋಲ್ಡ್ ಒಳಗೇ ಸಿಡಿತೈತಿ, ಪಿಸ್ಟನ್, ರಿಂಗ್ ಮುರಿತಾವ, ಮುಖ ಸುಡತೈತಿ.

ಥಂಡಿ ಬ್ಲಾಕಿಗೆ ಕುದಿಯೋ ನೀರು ಸುರಿಯೋದು, ಬೀಡು ಸೀಳ್ತೈತಿ. ಮತ್ತ ಮ್ಯಾಗ್ನೆಟ್ ಹೀಟರ್‌ನ ಡೀಸೆಲ್ ಟ್ಯಾಂಕಿಗೆ, ಬ್ಯಾಟರಿಗೆ ಅಂಟಸೋದು ಮಾಡಬ್ಯಾಡ್ರಿ.

ಹಚ್ಚಿದ ಮ್ಯಾಲ ಗಮನಿಸಬೇಕಾದ್ದು

ತಾಸು ಬಿಟ್ಟು ಬ್ಲಾಕ್ ಮುಟ್ರಿ, ಮುಟ್ಟೋ ಮೊದ್ಲ ಪಿನ್ ತಗೀರಿ. ಕೈಗೆ ಬೆಚ್ಚಗ ಹತ್ತಬೇಕು. ಹೀಟರ್ ಸುತ್ತ ಮಾತ್ರ ಸುಡಾಕತ್ತು, ಹೆಡ್ ಥಂಡಿ ಇದ್ರ ಕೂಲಂಟ್ ಕಡಿಮಿ ಐತಿ ಇಲ್ಲಾ ಒಳಗ ಗಾಳಿ ಉಳದೈತಿ. ಆರ್‌ಸಿಸಿಬಿ ಬಿದ್ರ ಮತ್ತ ಮತ್ತ ಎತ್ತಬ್ಯಾಡ್ರಿ, ಹೀಟರ್ ಬಿಚ್ಚಸ್ರಿ. ಪಿನ್ ಕಾದ್ರ, ಕರ್ರಗಾದ್ರ ಬೋರ್ಡ್ ಬದಲಿ ಮಾಡ್ರಿ. ಪಿನ್ ತಗದು ಕೇಬಲ್ ಸುತ್ತಿ ಇಟ್ಟ ಮ್ಯಾಲನ ಸೆಲ್ಫ್ ಹೊಡಿರಿ, ಫ್ಯಾನಿಗೆ ಕೇಬಲ್ ಸಿಕ್ಕು ಹರದಾವ. ಸೀಜನ್ ಮುಗದ ಮ್ಯಾಲ ಕೇಬಲ್ ಬಿಚ್ಚಿ ಮನಿಯೊಳಗ ಇಡ್ರಿ, ಶೆಡ್‌ನಾಗ ಬಿಟ್ರ ಇಲಿ ಕಡೀತಾವ, ಗಾಡ್ಯಾಗ ಉಳಿಯೋ ಹೀಟರಿನ ತುದಿಗೆ ಪ್ಲಾಸ್ಟಿಕ್ ಕಟ್ಟಿ ಕೆಸರು ಹೋಗದಂಗ ನೋಡ್ಕೋರಿ.

ಹೀಟರ್ ಹಚ್ಚಿ, ಬ್ಲಾಕ್ ಬೆಚ್ಚಗಿದ್ದೂ ಬಿಳಿ ಹೊಗಿ ಬಂದು ಸ್ಟಾರ್ಟ್ ಆಗವಲ್ದು, ಇಲ್ಲಾ ಸ್ಟಾರ್ಟ್ ಆಗಿ ಹತ್ತು ನಿಮಿಷ ಆದ್ರೂ ಬಿಳಿ ಹೊಗಿ ನಿಲ್ಲವಲ್ದು ಅಂದ್ರ ಇನ್ನೂ ದೊಡ್ಡ ವ್ಯಾಟಿನ ಹೀಟರ್ ಹುಡುಕಬ್ಯಾಡ್ರಿ. ನೋಜಲ್ ತಗಸಿ ಪ್ರೆಷರ್ ಚೆಕ್ ಮಾಡಸ್ರಿ, ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳಸಿ ಕಾಗದದ ಮ್ಯಾಲ ಬರಸಿ ಇಸ್ಕೋರಿ, ವಾಲ್ವ್ ಸಂದಿ, ಪಂಪಿನ ಟೈಮಿಂಗ್ ನೋಡಸ್ರಿ. ಕಂಪ್ರೆಷನ್ ಪುಸ್ತಕದಾಗಿನ ಮಿತಿಗಿಂತ ಕೆಳಗ ಬಂದ್ರ ಕಾರ್ಖಾನಿ ಬಂದ್ ಆದ ಮ್ಯಾಲ, ಏಪ್ರಿಲ್-ಮೇದಾಗ ಗಾಡಿಗೆ ಕೆಲಸ ಕಡಿಮಿ ಇದ್ದಾಗ ಎಂಜಿನ್ ಬಿಚ್ಚಸೋದಕ್ಕ ಮಿಸ್ತ್ರಿ ಹತ್ರ ಈಗಲೇ ದಿನ ಹೇಳಿಸಿಕೊಂಡು ಇಡ್ರಿ.